ವೈದ್ಯ ಸೀಟು: ಎರಡನೇ ಆಯ್ಕೆಯನ್ನೂ ಮನಸ್ಸಿಟ್ಟು ಬರೆಯಿರಿ

ಸಿಡ್ನಿ, ಮೆಲ್ಬರ್ನ್‌ನ ಕನ್ನಡಿಗರ ಮನೆಯಲ್ಲಿ ಹನ್ನೆರಡನೇ ತರಗತಿಯ ಮಕ್ಕಳಿದ್ದರೆ ಡಿಸೆಂಬರ್ ನಿದ್ದೆಗೆಡಿಸುವ ತಿಂಗಳು. ತಿಂಗಳ ಮಧ್ಯಭಾಗದಲ್ಲಿ 'ಎಟಾರ್' ರ್‍ಯಾಂಕ್ ಬರುತ್ತದೆ. ಬಳಿಕ ಕೋರ್ಸ್‌ಗಳ ಆದ್ಯತಾ ಪಟ್ಟಿಯನ್ನು ತಿದ್ದಲು ಸಿಗುವುದು ಕೆಲವೇ ದಿನ. ಮಗುವಿಗೆ ಡಾಕ್ಟರ್ ಆಗುವ ಆಸೆಯಿದ್ದರಂತೂ ಅಪ್ಪ ಅಮ್ಮನ ಲೆಕ್ಕಾಚಾರಕ್ಕೆ ಕೊನೆಯಿಲ್ಲ.

ನಮ್ಮ ಕೆಇಎ ಆಪ್ಷನ್ ಎಂಟ್ರಿ ಬಲ್ಲವರಿಗೆ ಇಲ್ಲಿನ ವ್ಯವಸ್ಥೆ ಹೊಸದೇನಲ್ಲ. ನ್ಯೂ ಸೌತ್ ವೇಲ್ಸ್‌ನಲ್ಲಿ 'ಯುಎಸಿ' ಮೂಲಕ 5, ವಿಕ್ಟೋರಿಯಾದಲ್ಲಿ 'ವಿಟ್ಯಾಕ್' ಮೂಲಕ 8 ಕೋರ್ಸ್‌ಗಳನ್ನು ಆದ್ಯತೆಯಂತೆ ಬರೆಯಬಹುದು. ಒಂದು ಸುತ್ತಿನಲ್ಲಿ ಒಂದೇ ಆಫರ್: ಅರ್ಹತೆ ಇರುವ ಕೋರ್ಸ್‌ಗಳಲ್ಲಿ ಪಟ್ಟಿಯ ಮೇಲಿರುವುದು. ಹಾಗಾಗಿ ಸಿಗುವುದು ಕಷ್ಟವೆಂದು ಮೆಡಿಸಿನ್ ಅನ್ನು ಕೆಳಗೆ ಬರೆಯುವುದರಲ್ಲಿ ಅರ್ಥವಿಲ್ಲ. ಮೊದಲನೆಯದು ತಪ್ಪಿದರೆ ಎರಡನೆಯದಕ್ಕೆ ಅದೇ ಮೊದಲನೆಯದೋ ಎಂಬಂತೆ ಪರಿಗಣನೆ ಸಿಗುತ್ತದೆ.

ನಿಜವಾದ ಪ್ರಶ್ನೆ ಎರಡನೆಯದು ಯಾವುದು ಎಂಬುದೇ. ಶಾಲೆ ಮುಗಿಸಿ ನೇರವಾಗಿ ಸೇರುವ ಬಾಗಿಲುಗಳು ಕಡಿಮೆ. ಸಿಡ್ನಿಯಲ್ಲಿ ಮುಖ್ಯವಾಗಿ ನ್ಯೂ ಸೌತ್ ವೇಲ್ಸ್ ವಿವಿ ಮತ್ತು ವೆಸ್ಟರ್ನ್ ಸಿಡ್ನಿ ವಿವಿ, ಮೆಲ್ಬರ್ನ್‌ನಲ್ಲಿ ಮೊನಾಶ್ ವಿವಿ. ಇವುಗಳಿಗೆ ಎಟಾರ್ ಒಂದೇ ಸಾಲದು. 'ಯುಕ್ಯಾಟ್' ಪರೀಕ್ಷೆ, ಸಂದರ್ಶನ ಎರಡೂ ಬೇಕು. 99 ದಾಟಿದ ಮಕ್ಕಳಿಗೂ ಸೀಟು ತಪ್ಪುವುದು ಇದರಿಂದಲೇ. ಮೆಲ್ಬರ್ನ್ ವಿವಿ 2011ರಿಂದ ಎಂ.ಡಿ.ಯನ್ನು ಪದವೀಧರರಿಗೆ ಮೀಸಲಿಟ್ಟಿದೆ. ಸಿಡ್ನಿ ವಿವಿಯದೂ ಬಹುಪಾಲು ಅದೇ ದಾರಿ.

ಅಂದರೆ ಎರಡನೇ ಆಯ್ಕೆ ಸೋಲಲ್ಲ, ಅದು ಇನ್ನೊಂದು ದಾರಿ. ಪದವಿ ಮುಗಿಸಿದವರನ್ನು ಅಂಕಗಳ ಸರಾಸರಿ, 'ಗ್ಯಾಮ್‌ಸ್ಯಾಟ್' ಪರೀಕ್ಷೆ ಮತ್ತು ಸಂದರ್ಶನದ ಮೇಲೆ ಆರಿಸುತ್ತಾರೆ. ನಮ್ಮವರು ಕಣ್ಣುಮುಚ್ಚಿ ಬಯೋಮೆಡಿಕಲ್ ಸೈನ್ಸ್ ಬರೆಸುವುದುಂಟು. ಮನಸ್ಸಿಲ್ಲದೆ ಓದಿ ಅಂಕ ಕುಸಿದರೆ ಆ ದಾರಿಯೂ ಮುಚ್ಚುತ್ತದೆ. ಫಿಸಿಯೋಥೆರಪಿ, ನರ್ಸಿಂಗ್, ಫಾರ್ಮಸಿ, ಎಂಜಿನಿಯರಿಂಗ್ ಯಾವುದೇ ಇರಲಿ, ಮೆಡಿಸಿನ್ ಸಿಗದೇ ಹೋದರೂ ಮಗು ಅದರಲ್ಲೇ ನೆಮ್ಮದಿಯಾಗಿ ಬದುಕಬಲ್ಲುದೇ ಎಂದು ಕೇಳಿಕೊಳ್ಳಬೇಕು.

ಹಣದ ಲೆಕ್ಕವೂ ಇದೆ. ಸರ್ಕಾರದ ನೆರವಿನ ಸೀಟು ಪೌರರಿಗೂ ಪಿಆರ್ ಇದ್ದವರಿಗೂ ಉಂಟು. ಆದರೆ ಶುಲ್ಕವನ್ನು ಸಾಲವಾಗಿ ಮುಂದೂಡುವ 'ಹೆಕ್ಸ್' ಸೌಲಭ್ಯ ಸಾಮಾನ್ಯವಾಗಿ ಪೌರರಿಗಷ್ಟೇ. ಪಿಆರ್ ಮೇಲಿರುವ ನಮ್ಮವರು ಮುಂಗಡವಾಗಿ ಕಟ್ಟಬೇಕು. ತಾತ್ಕಾಲಿಕ ವೀಸಾದವರ ಮಕ್ಕಳು ವಿದೇಶಿ ವಿದ್ಯಾರ್ಥಿಗಳ ಲೆಕ್ಕಕ್ಕೆ ಬರುತ್ತಾರೆ. ನೆರವಿನ ಸೀಟುಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚು 'ಬಾಂಡೆಡ್' ಸೀಟುಗಳು. ಓದು ಮುಗಿದ 18 ವರ್ಷಗಳೊಳಗೆ ಒಟ್ಟು 3 ವರ್ಷ ಗ್ರಾಮೀಣ ಅಥವಾ ಪ್ರಾದೇಶಿಕ ಭಾಗದಲ್ಲಿ ಸೇವೆ ಸಲ್ಲಿಸುವುದು ಇದರ ಷರತ್ತು. ಹೆಸರು ಕೇಳಿಯೇ ಹೆದರಿ ಬಿಟ್ಟುಬಿಡುವಂಥದ್ದಲ್ಲ.

'ಇಲ್ಲಿ ಆಗದಿದ್ದರೆ ಮಣಿಪಾಲವೋ ಬೆಂಗಳೂರೋ ಇದೆಯಲ್ಲ' ಎನ್ನುವವರೂ ಇದ್ದಾರೆ. ಅದಕ್ಕೆ ನೀಟ್ ಬರೆಯಲೇಬೇಕು. 2021ರ ಮಾರ್ಚ್ 4ರ ಅಧಿಸೂಚನೆಯ ನಂತರ ಒಸಿಐ ಪಡೆದ ಮಕ್ಕಳು ಎನ್‌ಆರ್‌ಐ ಅಥವಾ ಹೆಚ್ಚುವರಿ ಸೀಟುಗಳಿಗೆ ಮಾತ್ರ ಅರ್ಹರು. ಮೊದಲೇ ಪಡೆದವರಿಗೆ ಇದು ಅನ್ವಯಿಸದೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಎಂಬಿಬಿಎಸ್ ಮುಗಿಸಿ ಆಸ್ಟ್ರೇಲಿಯಾಕ್ಕೆ ಮರಳಿದರೆ ಸಾಮಾನ್ಯವಾಗಿ ಆಸ್ಟ್ರೇಲಿಯನ್ ಮೆಡಿಕಲ್ ಕೌನ್ಸಿಲ್‌ನ ಪರೀಕ್ಷೆಗಳನ್ನು ದಾಟಬೇಕು. ತವರಿನ ದಾರಿ ಅಂದುಕೊಂಡಷ್ಟು ಹತ್ತಿರದ್ದಲ್ಲ.

ಆದ್ದರಿಂದ ಮಾತುಕತೆ ಡಿಸೆಂಬರ್‌ವರೆಗೆ ಕಾಯುವುದು ಬೇಡ, ಚಳಿಗಾಲದ ಯುಕ್ಯಾಟ್‌ಗೂ ಮೊದಲೇ ಆಗಲಿ. ಪಟ್ಟಿಯ ಮೊದಲ ಸಾಲಿನಲ್ಲಿ ಮಗುವಿನ ಆಸೆ ಇರಲಿ, ಎರಡನೆಯದನ್ನೂ ಮಗುವೇ ಬರೆಯಲಿ. ನಾಳೆ ಅದನ್ನು ಓದಬೇಕಾದವರು ನಾವಲ್ಲ.