ಆರಡಿ ಹಗ್ಗ

ನಾಯಿಯನ್ನು ಕಟ್ಟಿಕೊಂಡು ಕಾಡುಮೇಡು ಅಲೆಯುವ ಹವ್ಯಾಸ ಇಂಗ್ಲಿಷಿನವರಿಂದ ಬಂದದ್ದೆಂದು ನಮ್ಮ ಕಛೇರಿಯ ಮಿತ್ರರೊಬ್ಬರ ವಾದ. ನಾವು ಇದನ್ನು ಒಪ್ಪತಕ್ಕವರಲ್ಲ. ಧರ್ಮರಾಯನು ಹಿಮಾಲಯದ ದಾರಿ ಹಿಡಿದಾಗ ಹೆಂಡತಿ ಬಿದ್ದಳು, ತಮ್ಮಂದಿರು ಬಿದ್ದರು. ಕೊನೆಯ ತಿರುವಿನವರೆಗೂ ಜೊತೆ ಬಿಡದೆ ನಡೆದದ್ದು ಒಂದು ನಾಯಿ. ಅದಕ್ಕಿಂತ ಹಳೆಯ ದಾಖಲೆಯನ್ನು ಇಂಗ್ಲಿಷಿನವರು ತಂದು ತೋರಿಸಲಿ, ನೋಡೋಣ.

ಪುರಾಣ ಬೇಡವೆನ್ನುವವರಿಗೆ ಶಾಸನವೇ ಇದೆ. ಕ್ರಿ.ಶ. 949ರಲ್ಲಿ, ನಮ್ಮ ಈ ಚೆನ್ನೈಗೆ ದೂರವಲ್ಲದ ಅರಕ್ಕೋಣದ ಬಳಿಯ ತಕ್ಕೋಲದಲ್ಲಿ, ರಾಷ್ಟ್ರಕೂಟ ಮೂರನೆಯ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ಯುದ್ಧವಾಯಿತು. ಕೃಷ್ಣನ ಕಡೆ ಗಂಗ ಬೂತುಗ. ಬೂತುಗನ ಕಡೆ ಮಣಲೆರನೆಂಬ ವೀರ. ಅವನ ಪರಾಕ್ರಮಕ್ಕೆ ಮೆಚ್ಚಿ ಏನು ಬೇಕೆಂದು ಕೇಳಿದಾಗ, ಆ ಪುಣ್ಯಾತ್ಮ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಆ ಕಾಳಿ ಮುಂದೆ ಒಂದು ದೊಡ್ಡ ಕಾಡುಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಆ ನಾಯಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಯೂ ಹಂದಿಯೂ ಎದುರುಬದುರಾಗಿ ನಿಂತಿರುವುದನ್ನು ಊರಿಗೆ ಹೋದಾಗ ವಾಚಕರು ನೋಡಿಬರಬಹುದು.

ಬಿ.ಎ.ಯಲ್ಲಿ ನಾವು ಚರಿತ್ರೆ ಓದಿದ್ದಕ್ಕೆ ಈವರೆಗೆ ಸಿಕ್ಕಿರುವ ಪ್ರಯೋಜನ ಒಂದೇ: ವೇಳಚೇರಿಯ ನಮ್ಮ ಬೀದಿಯಲ್ಲಿ ಮಳೆಗೆ ನೆನೆದು ಮೆಟ್ಟಿಲ ಕೆಳಗೆ ಸೇರಿಕೊಂಡಿದ್ದ ಕರಿಯ ಹೆಣ್ಣುಮರಿಗೆ ಹೆಸರಿಡುವಾಗ ತಡವರಿಸಬೇಕಾಗಲಿಲ್ಲ. ಕಾಳಿ ಎಂದೆವು. ಎಂಟು ವರ್ಷದ ಮಗಳು ಶಾಸನದ ಕಥೆಯನ್ನು ಬಾಯಿಪಾಠ ಮಾಡಿಕೊಂಡು, ಕೆಳಗಿನ ಮನೆಯ ತಮಿಳು ಮಕ್ಕಳಿಗೆಲ್ಲ ನಮ್ಮ ಕಾಳಿ ರಾಜವಂಶದವಳೆಂದು ಸಾರಿದಳು. ನಾವೂ ಅಲ್ಲಗಳೆಯಲಿಲ್ಲ.

ಇಂಥ ವಂಶಸ್ಥೆಯನ್ನು ಎರಡು ಕೋಣೆಯ ಮನೆಯಲ್ಲಿ ಕಟ್ಟಿಹಾಕುವುದು ಹೇಗೆ? ಭಾನುವಾರ ಬೆಳಿಗ್ಗೆ ನಾವು, ಮಗಳು, ಕಾಳಿ ಮೂವರೂ ಪಳ್ಳಿಕರಣೈ ಜವುಗುಭೂಮಿಯ ಅಂಚಿನವರೆಗೆ ಹೋಗಿಬರುವುದು ವಾಡಿಕೆಯಾಯಿತು. ಇದರ ಒಂದು ಭಾಗ, 317 ಹೆಕ್ಟೇರು, 2007ರಲ್ಲಿ ಮೀಸಲು ಅರಣ್ಯವಾಯಿತು. 2022ರಲ್ಲಿ ಸುಮಾರು 1,248 ಹೆಕ್ಟೇರು ಅಂತರರಾಷ್ಟ್ರೀಯ ಮಹತ್ತ್ವದ ರಾಮ್ಸಾರ್ ತಾಣವೆಂದು ಮಾನ್ಯವಾಯಿತು. ಒಂದು ಕಡೆ ಪೆರುಂಗುಡಿಯ ಕಸದ ರಾಶಿ, ಇನ್ನೊಂದು ಕಡೆ ಗಾಜಿನ ಕಟ್ಟಡಗಳು. ನಡುವೆ ಜೊಂಡು, ನೀರು, ಚಳಿಗಾಲದಲ್ಲಿ ರಾಜಹಂಸಗಳು. ಮೀಸಲಿನೊಳಕ್ಕೆ ನಾಯಿ ಒಯ್ಯಬಾರದೆಂಬುದನ್ನು ನಾವು ಬಲ್ಲೆವು. ಸರ್ಕಾರಿ ನೌಕರರಾದ ನಾವು ನಿಯಮ ಮೀರುವವರಲ್ಲ. ಬೇಲಿಯ ಹೊರಗಿನ ಒಣಬಯಲಿನಲ್ಲೇ ನಮ್ಮ ಸಂಚಾರ. ಬಯಲು ಬಂದೊಡನೆ ಹಗ್ಗ ಬಿಚ್ಚುವುದು. ಕಾಳಿ ಬಾಣದಂತೆ ಹಾರುವುದು. ನಾವು ನಿಂತು ಹೆಮ್ಮೆಪಡುವುದು.

ಏಪ್ರಿಲ್ ತಿಂಗಳ ಒಂದು ಭಾನುವಾರ ಹೀಗೆಯೇ ಹಗ್ಗ ಬಿಚ್ಚಿದೆವು. ಸ್ವಲ್ಪ ದೂರದಲ್ಲಿ ಎರಡು ಹಕ್ಕಿಗಳು ಎದ್ದು, ತಲೆಯ ಮೇಲೆ ಸುತ್ತುತ್ತ ಅರಚತೊಡಗಿದವು. ನಮ್ಮ ಕಡೆ ಟಿಟ್ಟಿಭ ಎನ್ನುತ್ತೇವಲ್ಲ, ಕಣ್ಣಿನ ಮುಂದೆ ಕೆಂಪು ಚರ್ಮ, ಹಳದಿ ಕಾಲು, ಅದೇ. ತಮಿಳಿನಲ್ಲಿ ಇದಕ್ಕೆ ಆಳ್‌ಕಾಟ್ಟಿ ಎಂದು ಹೆಸರು. ಆಳು ಬಂದನೆಂದು ತೋರಿಸಿಕೊಡುವ ಹಕ್ಕಿ. ಮಗಳು ಚಪ್ಪಾಳೆ ತಟ್ಟಿದಳು. ಒಂದು ಹಕ್ಕಿ ಕಾಳಿಯ ಮೂಗಿನ ಮೇಲೆಯೇ ಎರಗುವಂತೆ ಬಂದು ತಿರುಗಿತು. ಕಾಳಿ ನೆಲ ಮೂಸುತ್ತ ಒಂದೆಡೆ ನಿಂತಳು. ಮುಂಗಾಲಿನಿಂದ ಏನನ್ನೋ ಕೆದಕಿದಳು. ನಾವು ಕೂಗಿಕೊಂಡು ಓಡಿದ್ದಾಯಿತು. ಅಷ್ಟರಲ್ಲಿ ಆಗಬೇಕಾದ್ದು ಆಗಿತ್ತು.

ಗೂಡೆಂಬುದೇ ಇರಲಿಲ್ಲ, ಮಣ್ಣಿನಲ್ಲಿ ಅಂಗೈಯಷ್ಟು ಗುಳಿ, ಸುತ್ತ ನಾಲ್ಕಾರು ಬೆಣಚುಕಲ್ಲು. ನಾಲ್ಕು ಮೊಟ್ಟೆಗಳಲ್ಲಿ ಮೂರು ಒಡೆದಿದ್ದವು. ಒಂದರೊಳಗೆ ರೂಪು ಮೂಡಿದ್ದ ಮರಿ ಇತ್ತು. ಮಗಳು ಅದನ್ನು ನೋಡಿದಳು. ನೋಡಬೇಡವೆನ್ನಲು ನಮಗೆ ಮಾತು ಹೊರಡಲಿಲ್ಲ.

ಎಮ್ಮೆ ಮೇಯಿಸುತ್ತಿದ್ದ ಮುದುಕರೊಬ್ಬರು ಹತ್ತಿರ ಬಂದು, ಬೈಯಲಿಲ್ಲ. "ಮೊದಲು ನೀವು ಆಚೆ ಹೋಗಿ, ಉಳಿದ ಒಂದರ ಮೇಲಾದರೂ ಅದು ಕೂರಲಿ, ಬಿಸಿಲು ಏರುತ್ತಿದೆ" ಎಂದು ತಮಿಳಿನಲ್ಲಿ ಹೇಳಿದರು. ಈ ಮಾತಿನ ಅರ್ಥ ನಮಗೆ ಆಮೇಲೆ, ಪುಸ್ತಕ ತೆಗೆದು ನೋಡಿದಾಗ ತಿಳಿಯಿತು. ಟಿಟ್ಟಿಭಗಳು ಬೇಸಗೆಯಲ್ಲಿ ಕಾವು ಕೊಡಲಷ್ಟೇ ಅಲ್ಲ, ನೆರಳು ಕೊಡಲೂ ಮೊಟ್ಟೆಯ ಮೇಲೆ ಕೂರುತ್ತವೆ. ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ನೆನೆಸಿಕೊಂಡು ಬಂದು ಮೊಟ್ಟೆಗಳನ್ನು ತಂಪು ಮಾಡುವುದೂ ಉಂಟು. ಸುಮಾರು 4 ವಾರ ಈ ದುಡಿಮೆ. ನಾಯಿ ಮೊಟ್ಟೆಯನ್ನು ಮುಟ್ಟಬೇಕೆಂದೇ ಇಲ್ಲ. ಅದು ಸುತ್ತಮುತ್ತ ಅಲೆಯುತ್ತಿದ್ದು ಹಕ್ಕಿ ಕೂರದೆ ಹೋದರೂ ಸಾಕು, ಬಿಸಿಲೇ ಕೆಲಸ ಮುಗಿಸುತ್ತದೆ. ಅಂದಮೇಲೆ ಹಿಂದಿನ ಭಾನುವಾರಗಳಲ್ಲಿ, ನಾವು ಹೆಮ್ಮೆಯಿಂದ ನಿಂತಿದ್ದಾಗ, ಏನೇನು ಆಗಿಹೋಯಿತೋ!

ಮಗಳು ಮೂರು ದಿನ ಕಾಳಿಯನ್ನು ಮುಟ್ಟಲಿಲ್ಲ. ನಾಲ್ಕನೆಯ ದಿನ ಊಟಕ್ಕೆ ಕುಳಿತಾಗ ಕೇಳಿದಳು: "ಅಪ್ಪ, ಪಂಚತಂತ್ರದಲ್ಲಿ ಸಮುದ್ರ ಟಿಟ್ಟಿಭದ ಮೊಟ್ಟೆ ತಿರುಗಿ ಕೊಟ್ಟಿತಲ್ಲ, ನಾವು ಏನು ಕೊಡೋದು?" ಆ ಕಥೆ ಹೇಳಿದವರೂ ನಾವೇ. ಮನೆಯವರು ನಮ್ಮ ಮುಖ ನೋಡಿದರು. ಕಾಳಿಯನ್ನು ಯಾರಿಗಾದರೂ ಕೊಟ್ಟುಬಿಡೋಣವೆಂದು ಅವರು ಎರಡು ದಿನದಿಂದ ಹೇಳುತ್ತಿದ್ದರು. ಆದರೆ ತಪ್ಪು ಕಾಳಿಯದೇ? ಮೂಸುವುದು ಅವಳ ಧರ್ಮ. ಹಗ್ಗ ಬಿಚ್ಚಿದ ಕೈ ನಮ್ಮದು. ಕಛೇರಿಯಲ್ಲಾದರೆ ಕಡತವನ್ನು ಇನ್ನೊಂದು ಮೇಜಿಗೆ ತಳ್ಳಬಹುದು. ಇದನ್ನು ತಳ್ಳಲು ಮೇಜಿಲ್ಲ. ಬೇಲಿಯ ಹೊರಗಿದ್ದೆವೆಂಬುದು ನಮಗೆ ಸಮಾಧಾನವೇ ಹೊರತು, ಹಕ್ಕಿಗೆ ಬೇಲಿಯ ಒಳಗು ಹೊರಗು ತಿಳಿಯದು.

ಹಾಗಾದರೆ ನಾಯಿಯನ್ನು ಎಲ್ಲಿಗೆ ಕರೆದೊಯ್ಯುವುದು? ಗಿಂಡಿ ರಾಷ್ಟ್ರೀಯ ಉದ್ಯಾನ ಪಟ್ಟಣದ ನಡುವೆ ಉಳಿದಿರುವುದು 2.7 ಚದರ ಕಿಲೋಮೀಟರು. ಅಲ್ಲಿ ಕೃಷ್ಣಮೃಗಗಳಿವೆ, ನಾಯಿಗೆ ಪ್ರವೇಶವಿಲ್ಲ, ಇರಲೂ ಬಾರದು. ಎಳೆಯ ಮರಿಯನ್ನು ಹುಲ್ಲಿನಲ್ಲಿ ಅಡಗಿಸಿ ತಾಯಿ ದೂರ ಮೇಯುತ್ತದೆ. ಕಣ್ಣಿಗೆ ಕಾಣದ್ದನ್ನು ನಾಯಿಯ ಮೂಗು ಹುಡುಕಬಲ್ಲದು. ಬೆಸೆಂಟ್ ನಗರದ ಕಡಲತೀರಕ್ಕೆಂದರೆ, ವರ್ಷದ ಮೊದಲ ತಿಂಗಳುಗಳಲ್ಲಿ ಅಲ್ಲಿ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆಯಿಡುತ್ತವೆ. ಅವನ್ನು ನಾಯಿಗಳಿಂದಲೂ ಕಳ್ಳರಿಂದಲೂ ಉಳಿಸಲು ವಿದ್ಯಾರ್ಥಿಗಳು 1988ರಿಂದ ರಾತ್ರಿಯೆಲ್ಲ ಮರಳಿನಲ್ಲಿ ನಡೆಯುತ್ತಿದ್ದಾರೆ. ನಮಗಿಂತ ಕಿರಿಯರು ನಿದ್ದೆಗೆಟ್ಟು ಕಾಯುವುದನ್ನು ನಮ್ಮ ಕಾಳಿ ಕೆದಕುವುದುಂಟೆ?

ಕೊನೆಗೆ ಉತ್ತರ ದೊರೆತದ್ದು ಆ ಇಂಗ್ಲಿಷಿನವರಿಂದಲೇ ಎಂದು ಒಪ್ಪಿಕೊಳ್ಳಬೇಕಾಗಿದೆ. ಅಲ್ಲಿಯ ಮೂರ್ ಎಂಬ ಕುರುಚಲು ಬಯಲುಗಳಲ್ಲಿಯೂ ನೆಲದ ಮೇಲೆ ಗೂಡು ಮಾಡುವ ಹಕ್ಕಿಗಳಿವೆ. ಅದಕ್ಕಾಗಿ, 2000ದ ಕಾನೂನಿನ ಪ್ರಕಾರ, ಸಾರ್ವಜನಿಕರಿಗೆ ನಡೆದಾಡಲು ತೆರೆದ ಬಯಲಿನಲ್ಲಿ ಮಾರ್ಚ್ 1ರಿಂದ ಜುಲೈ 31ರವರೆಗೆ ನಾಯಿಯ ಹಗ್ಗ 2 ಮೀಟರಿಗಿಂತ ಉದ್ದವಿರಕೂಡದು. ಎರಡು ಮೀಟರೆಂದರೆ ಆರೂವರೆ ಅಡಿ. ನಾವು ಅಂಗಡಿಗೆ ಹೋಗಿ ಆರಡಿಯ ಹಗ್ಗ ತಂದೆವು. ಅರ್ಧ ಅಡಿ ನಮ್ಮ ಪ್ರಾಯಶ್ಚಿತ್ತಕ್ಕೆ. ಈಗ ಕಾಳಿಯ ಸಂಚಾರ ಬೀದಿಯಲ್ಲಿ, ಹಗ್ಗದೊಡನೆ, ದಿನಕ್ಕೆ ಎರಡು ಸಲ. ಬಯಲಿಗಿಂತ ನಮಗೇ ಹೆಚ್ಚು ನಡಿಗೆಯಾಗಿದೆ. ಕೋಟಿನ ಗುಂಡಿ ಸಲೀಸಾಗಿ ಬೀಳುತ್ತಿದೆ.

ಮೇ ತಿಂಗಳ ಕೊನೆಗೆ ಮಗಳೂ ನಾವೂ ಕಾಳಿಯನ್ನು ಮನೆಯಲ್ಲೇ ಬಿಟ್ಟು ಪಳ್ಳಿಕರಣೈಗೆ ಹೋದೆವು. ಬಯಲಿಗೆ ಇಳಿಯದೆ ರಸ್ತೆಯ ಅಂಚಿನಲ್ಲೇ ನಿಂತೆವು. ಬಹಳ ಹೊತ್ತಿನ ಮೇಲೆ ಒಂದು ಟಿಟ್ಟಿಭ ನೀರಿನಿಂದ ಎದ್ದು ಬಂದು ಮಣ್ಣಿನ ದಿಬ್ಬದ ಮೇಲೆ ನಿಧಾನವಾಗಿ ಕುಳಿತುಕೊಂಡಿತು. ಅದೇ ಜೋಡಿಯೋ ಬೇರೆಯೋ ಹೇಳಬಲ್ಲವರಲ್ಲ ನಾವು. ಅದರ ಹೊಟ್ಟೆ ಒದ್ದೆಯಾಗಿತ್ತೆಂದು ಮಗಳು ಹೇಳಿದಳು. ಅಷ್ಟು ದೂರದಿಂದ ನಮ್ಮ ಕನ್ನಡಕಕ್ಕೆ ಕಾಣಲಿಲ್ಲ, ಆದರೂ ಹೌದೆಂದೆವು.