ಬಿದ್ದ ವಿಮಾನದ ಕಾರಣ ನಮಗೂ ತಿಳಿಯಲಿ



ಚಳ್ಳಕೆರೆಯ ವರವು ಕಾವಲಿನಲ್ಲಿ ಇಸ್ರೊದ ಮರುಬಳಕೆ ನೌಕೆ 2023ರ ಏಪ್ರಿಲ್‌ನಿಂದ 2024ರ ಜೂನ್‌ವರೆಗೆ ಮೂರು ಸಲ ತಾನಾಗಿಯೇ ರನ್‌ವೇಗೆ ಇಳಿಯಿತು. ಹೆಲಿಕಾಪ್ಟರ್ ಅದನ್ನು ನಾಲ್ಕೂವರೆ ಕಿ.ಮೀ. ಎತ್ತರದಿಂದ ಬಿಟ್ಟದ್ದರಿಂದ ಹಿಡಿದು ಚಕ್ರ ನೆಲ ಮುಟ್ಟುವವರೆಗಿನ ಫೋಟೊ, ವಿಡಿಯೊಗಳೆಲ್ಲ ಊರೂರಿಗೂ ತಲುಪಿದವು. ಚಳ್ಳಕೆರೆ, ಮೊಳಕಾಲ್ಮುರು ಸೀಮೆಯವರಿಗೆ ಹೆಮ್ಮೆಯ ಸಂಗತಿಯೇ. ಆದರೆ ಅದೇ ಕಾವಲಿನಿಂದ ಹಾರಿ, ನಡುವೆ ಕೆಟ್ಟು ಹೊಲಕ್ಕೆ ಬಿದ್ದ ವಿಮಾನಗಳ ಸುದ್ದಿ ಮಾತ್ರ ಮೂರನೇ ದಿನಕ್ಕೆ ನಿಂತುಹೋಗುತ್ತದೆ.

2019ರ ಸೆಪ್ಟೆಂಬರ್ 17ರ ಬೆಳಿಗ್ಗೆ ಡಿಆರ್‌ಡಿಒದ ಪೈಲಟ್‌ರಹಿತ ವಿಮಾನ ನಮ್ಮ ಜೋಡಿಚಿಕ್ಕೇನಹಳ್ಳಿ ಬಳಿ ಬಿತ್ತು. 2023ರ ಆಗಸ್ಟ್ 20ರಂದು ಅದೇ ಸಂಸ್ಥೆಯ ಪೈಲಟ್‌ರಹಿತ ವಿಮಾನ 'ತಪಸ್' ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಹೊಲದಲ್ಲಿ ಬಿತ್ತು. ಇದು ಮದುವೆಮನೆಯಲ್ಲಿ ಹಾರಿಸುವ ಡ್ರೋನ್ ಅಲ್ಲ. ಇಪ್ಪತ್ತು ಮೀಟರ್ ಅಗಲದ ರೆಕ್ಕೆ, ಎರಡು ಎಂಜಿನ್ ಇರುವ ವಿಮಾನ. ಎರಡು ಸಲವೂ ಪ್ರಾಣಹಾನಿ ಆಗಲಿಲ್ಲ, ಪುಣ್ಯ. ಎರಡೂ ಬಿದ್ದದ್ದು ಮುಂಗಾರು ಬೆಳೆಯ ಕಾಲದಲ್ಲಿ. ಶೇಂಗಾ ಹೊಲಗಳಲ್ಲಿ ಜನ ಇರುವುದೇ ಆಗ. ದೇವರ ಎತ್ತು ಮೇಯಿಸುವ ಕಿಲಾರಿಗಳಂತೂ ವರ್ಷವಿಡೀ ಬಯಲಿನಲ್ಲೇ ಇರುತ್ತಾರೆ.

ಪರೀಕ್ಷಾ ಹಾರಾಟ ಎಂದಮೇಲೆ ಕೆಡುವುದು, ಬೀಳುವುದು ಇದ್ದದ್ದೇ. ಅದಕ್ಕೆ ನನ್ನ ತಕರಾರಿಲ್ಲ. 2023ರಲ್ಲಿ ತನಿಖೆ ನಡೆಯುತ್ತಿದೆ ಎಂದು ಅಧಿಕಾರಿಗಳು ಹೇಳಿದ್ದರು. ಅದರಲ್ಲಿ ಕಂಡದ್ದೇನು? ಕೈಕೊಟ್ಟದ್ದು ಎಂಜಿನ್ನೋ, ನೆಲದ ಜತೆಗಿನ ಸಂಪರ್ಕವೋ? ಸರಿಪಡಿಸಿದ ಮೇಲೆಯೇ ಮತ್ತೆ ನಮ್ಮ ತಲೆಯ ಮೇಲೆ ಹಾರಿಸುತ್ತಿದ್ದಾರೆಯೇ? ಮಾಹಿತಿ ಹಕ್ಕಿನಲ್ಲಿ ಕೇಳೋಣವೆಂದರೆ ಆ ಕಾಯ್ದೆಯ 24ನೇ ಸೆಕ್ಷನ್ ಡಿಆರ್‌ಡಿಒಗೆ ವಿನಾಯಿತಿ ಕೊಟ್ಟಿದೆ.

ನಾಗರಿಕ ವಿಮಾನಗಳ ವಿಷಯದಲ್ಲಿ ಹೀಗಿಲ್ಲ. ತರಬೇತಿ ವಿಮಾನ ಗದ್ದೆಗಿಳಿದರೂ ವಿಮಾನ ಅಪಘಾತ ತನಿಖಾ ದಳದ ವರದಿ ಯಾರು ಬೇಕಾದರೂ ಓದುವಂತೆ ಪ್ರಕಟವಾಗುತ್ತದೆ. 2015ರ ಏರೋ ಇಂಡಿಯಾದಲ್ಲಿ ಹಳೇ ಕಾಲದ ಎರಡು ಜೋಡಿ ರೆಕ್ಕೆಯ ವಿಮಾನಗಳ ಮೇಲೆ ಹೆಣ್ಣುಮಕ್ಕಳು ನಿಂತು ಕಸರತ್ತು ಮಾಡಿದ್ದು ಹಲವರಿಗೆ ನೆನಪಿರಬಹುದು. ಆ ಬ್ರಿಟಿಷ್ ತಂಡದ ಅಂಥದೇ ವಿಮಾನವೊಂದು 2021ರ ಸೆಪ್ಟೆಂಬರ್‌ನಲ್ಲಿ ಎಂಜಿನ್ ಬಲ ಕುಂದಿ ಇಂಗ್ಲೆಂಡಿನ ಪೂಲ್ ಬಂದರಿನ ನೀರಿಗೆ ಬಿತ್ತು. ಒಳಗಿದ್ದ ಇಬ್ಬರೂ ಬದುಕಿದರು. ಆದರೂ ಅಲ್ಲಿನ ತನಿಖಾ ಸಂಸ್ಥೆ ವರದಿ ಬರೆದು ಪ್ರಕಟಿಸಿತು. ಬರೀ ಪ್ರದರ್ಶನದ ವಿಮಾನಕ್ಕೇ ಅಷ್ಟು ಮಾಡುತ್ತಾರೆ.

ರಕ್ಷಣಾ ಗುಟ್ಟು ಎನ್ನುವವರಿದ್ದಾರೆ. ತಪಸ್‌ನ ಕ್ಯಾಮೆರಾ ಎಷ್ಟು ದೂರ ನೋಡುತ್ತದೆಂದು ಶೇಂಗಾ ಬೆಳೆಯುವವನಿಗೆ ಬೇಕಿಲ್ಲ. ಸಾವಿರಾರು ಎಕರೆ ಕಾವಲು ಬಿಟ್ಟುಕೊಟ್ಟ ಜನಕ್ಕೆ ಒಂದು ಪುಟದ ಕನ್ನಡ ಸಾರಾಂಶ ಕೊಟ್ಟರೆ ಯಾವ ಗುಟ್ಟೂ ರಟ್ಟಾಗುವುದಿಲ್ಲ.

ಇನ್ನೊಂದು ಮಾತು. ಜೋಡಿಚಿಕ್ಕೇನಹಳ್ಳಿಯಲ್ಲಿ ಜನ ಅವಶೇಷದ ಸುತ್ತ ಮುಗಿಬಿದ್ದು ಮೊಬೈಲ್‌ನಲ್ಲಿ ಚಿತ್ರ ತೆಗೆಯುತ್ತಿದ್ದರು. ಇಂಥ ವಿಮಾನಗಳ ಒಡಲಲ್ಲಿ ಬಳಸುವ ಕಾರ್ಬನ್ ನಾರಿನ ಚೂರು ಚರ್ಮಕ್ಕೆ ಚುಚ್ಚುತ್ತದೆ, ಸುಟ್ಟರೆ ಅದರ ಧೂಳು ಉಸಿರಿಗೆ ಕೆಟ್ಟದ್ದು. ಇಂಧನ, ಬ್ಯಾಟರಿಯ ಅಪಾಯ ಬೇರೆ. ಎಷ್ಟು ದೂರ ನಿಲ್ಲಬೇಕು, ಯಾರಿಗೆ ಫೋನ್ ಮಾಡಬೇಕು, ಬೆಳೆ ಹಾಳಾದರೆ ಪರಿಹಾರದ ಅರ್ಜಿ ಎಲ್ಲಿ ಕೊಡಬೇಕು ಎಂಬುದನ್ನು ಚಳ್ಳಕೆರೆ, ಹಿರಿಯೂರು ಎರಡೂ ತಾಲ್ಲೂಕುಗಳ ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಬೇಕು. ಜಿಲ್ಲಾಧಿಕಾರಿಯವರು, ಚಿತ್ರದುರ್ಗದ ಸಂಸದರು ಡಿಆರ್‌ಡಿಒ ಜತೆ ಕೂತು ಮುಂದಿನ ಬಿತ್ತನೆಗೆ ಮೊದಲೇ ಇದನ್ನು ಮಾಡಿಸಲಿ.

— ಒಬ್ಬ ಓದುಗ, ಚಳ್ಳಕೆರೆ ತಾಲ್ಲೂಕು