ಕೆಂಗಣ್ಣಿಗೆ ಸೇವಂತಿಗೆ ಚಹಾ

ಬೆಂಗಳೂರಿನ ಐಟಿ ಮಂದಿಗೆ ಹೊಸದೊಂದು ಹುಚ್ಚು ಹಿಡಿದಿದೆ. ಲ್ಯಾಪ್‌ಟಾಪ್ ನೋಡಿ ನೋಡಿ ಕಣ್ಣು ಕೆಂಪಾದರೆ ಸೇವಂತಿಗೆ ಚಹಾ ಕುಡೀಬೇಕಂತೆ. ಒಂದು ಗಾಜಿನ ಲೋಟ, ಒಣಗಿಸಿದ ನಾಲ್ಕು ಸೇವಂತಿಗೆ, ಮೇಲೊಂದಿಷ್ಟು ಕೆಂಪು ಗೋಜಿ ಹಣ್ಣು, ಬಿಸಿನೀರು. ಯಾಕೆ ಅಂತ ಕೇಳಿದರೆ ಉತ್ತರ ಸಿದ್ಧ: ಚೀನಾದ ಪಾರಂಪರಿಕ ವೈದ್ಯದ ಪ್ರಕಾರ ಲಿವರ್ ಹೊರಕ್ಕೆ ತೆರೆದುಕೊಳ್ಳುವ ಬಾಗಿಲೇ ಕಣ್ಣು. ಲಿವರ್‌ನಲ್ಲಿ ಬೆಂಕಿ ಎದ್ದರೆ ಅದರ ಉರಿ ಕಣ್ಣಲ್ಲಿ ಕಾಣುತ್ತೆ. ಸೇವಂತಿಗೆ ತಂಪು, ಬೆಂಕಿ ಆರಿಸುತ್ತೆ.

ಇದನ್ನೇ ಅಜ್ಜಿ ಹೇಳಿದ್ದಳು ಕಣ್ರೀ. "ಉಷ್ಣ ಆಗಿದೆ, ತಲೆಗೆ ಹರಳೆಣ್ಣೆ ಇಟ್ಕೊ" ಅಂದಾಗ ನಾವೆಲ್ಲ ಮುಖ ಸಿಂಡರಿಸಿದವರೇ. ಅದೇ ಮಾತು ಚೀನಾ ಸುತ್ತಿಕೊಂಡು, ಚಂದದ ಡಬ್ಬಿಯಲ್ಲಿ ಕೂತು, ಆ್ಯಪ್‌ನಲ್ಲಿ ಆರ್ಡರ್ ಮಾಡಿದರೆ ಹತ್ತು ನಿಮಿಷದಲ್ಲಿ ಬಾಗಿಲಿಗೆ ಬಂದರೆ ವೆಲ್‌ನೆಸ್ ಆಗಿಬಿಡುತ್ತೆ. ಹಾಗಂತ ಚೀನಾದ್ದು ಬಿಟ್ಟು ಅಜ್ಜಿಯದನ್ನೇ ಹಿಡಿಯಿರಿ ಅನ್ನೋದು ನನ್ನ ವಾದ ಅಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕು ಅನ್ನೋದಷ್ಟೇ.

ನಾನು ದೋಣಿಗಲ್ ಕಡೆಯವನು. ಸಕಲೇಶಪುರ ದಾಟಿ, ಶಿರಾಡಿ ಘಾಟಿ ಇಳಿಯೋಕೆ ಮುಂಚೆ ಸಿಗೋ ಊರು. ನಿಮ್ಮಲ್ಲಿ ಸುಮಾರು ಜನ ಬೆನ್ನಿಗೆ ಬ್ಯಾಗ್ ಹಾಕಿಕೊಂಡು, ಮಾಡಬಾರದು ಅಂತ ಗೊತ್ತಿದ್ದೂ, ಅಲ್ಲಿಂದ ಎಡಕುಮೇರಿಗೆ ರೈಲು ಹಳಿ ಮೇಲೆ ನಡೆದವರೇ. ಹಳಿಯ ಆಚೀಚೆ ಕಂಡ ಹಸಿರಿನಲ್ಲಿ ದಿನಾ ಕೆಲಸ ಮಾಡೋರೂ ಇದ್ದಾರೆ. ಈ ಲೇಖನ ಅವರ ಕಣ್ಣಿನ ಬಗ್ಗೆಯೂ ಹೌದು.

ಮೊದಲು ಹಳೆಯ ವೈದ್ಯಕ್ಕೆ ಸಲ್ಲಬೇಕಾದ್ದನ್ನ ಸಲ್ಲಿಸಿಬಿಡೋಣ. ಚೀನಾದ ಪಾರಂಪರಿಕ ವೈದ್ಯ ಎಲ್ಲ ಕೆಂಗಣ್ಣಿಗೂ ಒಂದೇ ಚಹಾ ಕೊಡೋದಿಲ್ಲ. ಇದ್ದಕ್ಕಿದ್ದಂತೆ ಕೆಂಪಾಗಿ, ತುರಿಕೆ ಬಂದು, ನೀರು ಸುರಿದರೆ ಅದು 'ಗಾಳಿ ಮತ್ತು ಉಷ್ಣ'ದ ದಾಳಿ. ಜೊತೆಗೆ ಸಿಟ್ಟು, ತಲೆನೋವು, ಬಾಯಿ ಕಹಿ ಇದ್ದರೆ ಲಿವರ್‌ನ ಬೆಂಕಿ. ಸಂಜೆ ಹೊತ್ತಿಗೆ ಸಣ್ಣಗೆ ಕೆಂಪಾಗಿ ಒಣಗಿದಂತಾದರೆ ಒಳಗಿನ ತಂಪು, ತೇವ ಕಮ್ಮಿಯಾಗಿದೆ ಅಂತ ಲೆಕ್ಕ. ನಾಲಿಗೆ ನೋಡ್ತಾರೆ, ನಾಡಿ ಹಿಡೀತಾರೆ, ನಿದ್ದೆ ಹೇಗಿದೆ ಅಂತ ಕೇಳ್ತಾರೆ. ಅದಕ್ಕೆ ತಕ್ಕಂತೆ ಬೇರು, ಹೂವು, ಕಾಲಿನ ಹೆಬ್ಬೆರಳ ಸಂದಿಯಲ್ಲಿ ಸೂಜಿ. ನಮ್ಮ ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ 76 ಬಗೆಯ ಕಣ್ಣಿನ ರೋಗಗಳ ಲೆಕ್ಕ ಇದೆ. ಕಣ್ಣು ಕೆಂಪಾಗಿ ಸೋರುವ ಅಭಿಷ್ಯಂದವನ್ನೇ ವಾತ, ಪಿತ್ತ, ಕಫ, ರಕ್ತ ಅಂತ ನಾಲ್ಕು ಮಾಡಿದ್ದಾರೆ. ಅಂದರೆ ಎರಡು ಸಾವಿರ ವರ್ಷದ ಹಿಂದಿನವರಿಗೂ ಕೆಂಪೆಲ್ಲ ಒಂದೇ ಅಲ್ಲ ಅಂತ ಗೊತ್ತಿತ್ತು. ಎಲ್ಲಾ ಕೆಂಪಿಗೂ ಒಂದೇ ಲೋಟ ಹಿಡಿಯೋರು ಪರಂಪರೆಯನ್ನೂ ಓದಿಲ್ಲ.

ಆದರೆ ಅವರು ವಿಂಗಡಿಸಿದ್ದು ಹೊರಗೆ ಕಾಣುವ ಲಕ್ಷಣದ ಮೇಲೆ. ಅವರ ಕೈಯಲ್ಲಿ ಸೂಕ್ಷ್ಮದರ್ಶಕ ಇರಲಿಲ್ಲ, ಅದು ಅವರ ತಪ್ಪಲ್ಲ. ನಮ್ಮ ಕೈಯಲ್ಲಿ ಇದೆ. ಕೆಂಪು ಅನ್ನೋದು ನಮ್ಮ ಭಾಷೆಯಲ್ಲಿ ಹೇಳೋದಾದರೆ ಅಲರ್ಟ್ ಅಷ್ಟೇ. ರಾತ್ರಿ ಎರಡು ಗಂಟೆಗೆ ಪ್ರೊಡಕ್ಷನ್‌ನಿಂದ ಅಲರ್ಟ್ ಬಂದರೆ ಲಾಗ್ ನೋಡದೆ, ಅಲರ್ಟ್ ಮ್ಯೂಟ್ ಮಾಡಿ ಮಲಗೋ ಎಂಜಿನಿಯರನ್ನ ಎಷ್ಟು ದಿನ ಇಟ್ಕೋತೀರಿ? ಕಣ್ಣಿನ ವಿಷಯದಲ್ಲಿ ಮಾತ್ರ ನಾವೆಲ್ಲ ಮ್ಯೂಟ್ ಮಾಡೋ ಗಿರಾಕಿಗಳೇ.

ಕೆಂಪಿನ ಹಿಂದೆ ಏನೇನಿರಬಹುದು ನೋಡಿ. ಸ್ಕ್ರೀನ್ ಮುಂದೆ ರೆಪ್ಪೆ ಬಡಿಯೋದು ಕಮ್ಮಿಯಾಗಿ, ಏಸಿ ಗಾಳಿಗೆ ಕಣ್ಣು ಒಣಗಿರಬಹುದು. ನಮ್ಮಂಥವರದ್ದು ಹೆಚ್ಚಾಗಿ ಇದೇ. ಅಲರ್ಜಿ ಇರಬಹುದು. ವೈರಸ್ ಇರಬಹುದು. ಲೆನ್ಸ್ ಹಾಕ್ಕೊಂಡೇ ಮಲಗಿ, ನಲ್ಲಿ ನೀರಲ್ಲಿ ಲೆನ್ಸ್ ತೊಳೆದು ತಂದುಕೊಂಡ ಸೋಂಕಿರಬಹುದು. ಕಣ್ಣೊಳಗಿನ ಒತ್ತಡ ಒಮ್ಮೆಲೇ ಏರಿ, ತಲೆ ಸಿಡಿದು, ವಾಂತಿಯಾಗಿ, ದೀಪದ ಸುತ್ತ ಬಣ್ಣದ ಬಳೆ ಕಾಣುವ ಗ್ಲಾಕೋಮಾ ಇರಬಹುದು. ಕೆಲವು ತಾನೇ ವಾಸಿಯಾಗುತ್ತವೆ. ಕೆಲವು ದಿನಗಳಲ್ಲಿ, ಗ್ಲಾಕೋಮಾ ಆದರೆ ಗಂಟೆಗಳಲ್ಲೇ, ದೃಷ್ಟಿ ಕಿತ್ತುಕೊಳ್ಳುತ್ತವೆ. ಹೊರಗಿನಿಂದ ಕನ್ನಡಿಯಲ್ಲಿ ನೋಡಿದರೆ ಎಲ್ಲವೂ ಕೆಂಪೇ.

ಮನೆಮದ್ದಿಗೆ ಹೆಸರು ಬರೋದು ತಾನೇ ವಾಸಿಯಾಗುವ ರೋಗಗಳಿಂದ. 2023ರ ಜುಲೈ, ಆಗಸ್ಟ್ ನೆನಪಿಸಿಕೊಳ್ಳಿ. ರಾಜ್ಯದ ತುಂಬಾ 'ಮದ್ರಾಸ್ ಐ'. ಅದು ಬಹುಪಾಲು ವೈರಸ್ಸಿನ ಕಾಟ, ಒಂದೆರಡು ವಾರದಲ್ಲಿ ತಾನಾಗೇ ಹೋಗುವಂಥದ್ದು. ಆ ಒಂದೆರಡು ವಾರದಲ್ಲಿ ನಂದಿಬಟ್ಟಲು ಹೂವಿನ ನೀರು ಬಿಟ್ಟವರಿಗೆ ಅದರಿಂದ ಗುಣವಾಯ್ತು, ಎದೆಹಾಲು ಬಿಟ್ಟವರಿಗೆ ಅದರಿಂದ ಗುಣವಾಯ್ತು, ಸೇವಂತಿಗೆ ಚಹಾ ಕುಡಿದವರಿಗೆ ಅದರಿಂದ. ಏನೂ ಮಾಡದವರಿಗೂ ಗುಣವಾಯ್ತು, ಆದರೆ ಅವರು ರೀಲ್ಸ್ ಮಾಡಲಿಲ್ಲ. ಹೆಸರಿಡೋದರಲ್ಲೂ ಮನುಷ್ಯನ ಬುದ್ಧಿ ಒಂದೇ: ನಮಗೆ ಇದು ಮದ್ರಾಸಿನಿಂದ ಬಂದದ್ದು, 1971ರಲ್ಲಿ ಕೊಲ್ಕತ್ತಾದವರಿಗೆ ಗಡಿಯಾಚೆಯಿಂದ ಬಂದ 'ಜೈ ಬಾಂಗ್ಲಾ', 1969ರಲ್ಲಿ ಘಾನಾದವರಿಗೆ ಚಂದ್ರನ ಮೇಲಿಂದ ಬಂದ 'ಅಪೊಲೊ 11'. ನಿಜದಲ್ಲಿ ಅದು ಬಂದದ್ದು ನಮ್ಮದೇ ಕೈಯಿಂದ, ಟವೆಲ್‌ನಿಂದ. ಸೋಂಕಾದವರ ಕಣ್ಣು ನೋಡಿದರೆ ಅಂಟುತ್ತೆ ಅಂತ ಕೂಲಿಂಗ್ ಗ್ಲಾಸ್ ಹಾಕಿದವರು ಕೈ ಮಾತ್ರ ತೊಳೆಯಲಿಲ್ಲ.

ಇಷ್ಟೇ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ, ಕುಡಿಯೋರು ಕುಡೀಲಿ ಅಂತ ಸುಮ್ಮನಿರುತ್ತಿದ್ದೆ. ತೊಂದರೆ ಇರೋದು ಘಟ್ಟದಲ್ಲಿ.

ನಮ್ಮ ಕಡೆ ಕಾಫಿ ತೋಟದಲ್ಲಿ ಕಣ್ಣಿಗೆ ಪೆಟ್ಟು ಬೀಳೋಕೆ ದಾರಿ ನೂರು. ಮರಗಸಿ ಮಾಡುವಾಗ ರೆಂಬೆ ಬಡಿಯುತ್ತೆ. ಕಳೆ ಹೊಡೆಯೋ ಮಷಿನ್ನಿನಿಂದ ಕಲ್ಲು ಸಿಡಿಯುತ್ತೆ. ಬೋರ್ಡೋ ಹೊಡೆಯುವಾಗ ಸುಣ್ಣ, ಮೈಲುತುತ್ತದ ಹನಿ ಹಾರುತ್ತೆ. ಹಸಿ ಕಡ್ಡಿ ತಾಗಿ ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆ, ಅಂದರೆ ಕಾರ್ನಿಯಾ, ಕೂದಲೆಳೆಯಷ್ಟು ಗೀರಿದರೂ ಸಾಕು. ಕಡ್ಡಿಯ ಮೇಲಿದ್ದ ಶಿಲೀಂಧ್ರ ಒಳಗೆ ಬೇರು ಬಿಡುತ್ತೆ. ಮೊದಲೆರಡು ದಿನ ಇದೂ ಬರೀ ಕೆಂಪು, ಬರೀ ನೀರು. ಥೇಟ್ ಉಷ್ಣದ ಹಾಗೇ. ಆಮೇಲೆ ಕರಿಗುಡ್ಡೆ ಮೇಲೆ ಬಿಳಿ ಚುಕ್ಕೆ ಮೂಡುತ್ತೆ.

ನಮ್ಮೂರ ಹತ್ತಿರದ ತೋಟವೊಂದರ ಆಳಿನ ಕತೆ ಇದು. ರೆಂಬೆ ಬಡಿದ ದಿನ ಕಸ ತೆಗೆಯೋಕೆ ಗೊತ್ತಿದ್ದವರೊಬ್ಬರು ನಾಲಿಗೆಯಿಂದ ಕಸ ತೆಗೆದರು. ರಾತ್ರಿ ನಂದಿಬಟ್ಟಲು ನೀರು. ಮೂರನೇ ದಿನ ಮೆಡಿಕಲ್ ಶಾಪಿನಿಂದ ಒಂದು ಡ್ರಾಪ್ಸ್, ಚೀಟಿ ಇಲ್ಲದೆ. ಡ್ರಾಪ್ಸ್ ಬಿಟ್ಟ ಮರುದಿನವೇ ಕೆಂಪು ಇಳಿಯಿತು, ಎಲ್ಲರೂ ಹೊಗಳಿದರು. ಅದರಲ್ಲಿ ಸ್ಟೀರಾಯ್ಡ್ ಇತ್ತು. ಸ್ಟೀರಾಯ್ಡ್ ಮೈಯ ಸೈನ್ಯವನ್ನ ಮಲಗಿಸುತ್ತೆ, ಹಾಗಾಗಿ ಕೆಂಪು ಇಳಿಯುತ್ತೆ. ಶಿಲೀಂಧ್ರಕ್ಕೆ ಬೇಕಾಗಿದ್ದೂ ಅದೇ. ಹಾಸನಕ್ಕೆ ಹೋಗೋ ಹೊತ್ತಿಗೆ ಕಾರ್ನಿಯಾ ಹುಣ್ಣಾಗಿತ್ತು. ಶಿಲೀಂಧ್ರಕ್ಕೆ ನ್ಯಾಟಮೈಸಿನ್ ಅನ್ನೋ ಬೇರೆಯದೇ ಡ್ರಾಪ್ಸ್ ಇದೆ, ಬೇಗ ಶುರು ಮಾಡಿದ್ದರೆ ಕಣ್ಣು ಉಳಿಯೋ ಅವಕಾಶ ಇತ್ತು. ಈಗ ಅವರಿಗೆ ಒಂದೇ ಕಣ್ಣು.

ನೋಡಿ, ಇಲ್ಲಿ ಮನೆಮದ್ದು ಮತ್ತು ಅಲೋಪತಿ ಡ್ರಾಪ್ಸ್ ಎರಡೂ ಒಂದೇ ಕೆಲಸ ಮಾಡಿದವು. ಯಾವ ಕೆಂಪು ಅಂತ ಯಾರೂ ಕೇಳಲಿಲ್ಲ, ಕೆಂಪು ಹೋದರೆ ಸಾಕು ಅಂದುಕೊಂಡರು. ಹಾಗಾಗಿ ಇದನ್ನ ಪೂರ್ವ, ಪಶ್ಚಿಮಗಳ ಜಗಳ ಅಂತ ಯಾರಾದರೂ ಓದಿದರೆ ನನ್ನ ಮಾತು ತಲುಪಿಲ್ಲ ಅಂತಲೇ ಅರ್ಥ. ಅಲರ್ಜಿಯಿಂದ ಕಣ್ಣುಜ್ಜಿಕೊಳ್ಳೋ ಮಕ್ಕಳಿಗೆ ತಿಂಗಳುಗಟ್ಟಲೆ ಅದೇ ಹಳೇ ಚೀಟಿ ತೋರಿಸಿ ಸ್ಟೀರಾಯ್ಡ್ ಬಿಡೋ ಓದಿದ ಅಪ್ಪ ಅಮ್ಮಂದಿರು ಬೆಂಗಳೂರಲ್ಲೂ ಇದ್ದಾರೆ. ಅದರಿಂದ ಬರೋ ಗ್ಲಾಕೋಮಾ ಕಿತ್ತುಕೊಂಡ ದೃಷ್ಟಿ ಮತ್ತೆ ಬರೋದಿಲ್ಲ. ಕಣ್ಣು ಬಿಳುಪು ಮಾಡೋ ಡ್ರಾಪ್ಸ್‌ಗಳದ್ದೂ ಬೇರೆ ಕತೆಯಲ್ಲ. ರಕ್ತನಾಳ ಹಿಂಡಿ ಬಿಳುಪು ತೋರಿಸ್ತವೆ. ದಿನಾ ಬಿಟ್ಟು, ಆಮೇಲೆ ನಿಲ್ಲಿಸಿದರೆ ಮೊದಲಿಗಿಂತ ಹೆಚ್ಚು ಕೆಂಪು.

ಚೀನಾದ ಹೆಸರು ಹೇಳೋದೇ ಆದರೆ ಕೆಂಗಣ್ಣಿನ ವಿಷಯದಲ್ಲಿ ನಾನು ನೆನೆಯೋದು ತಾಂಗ್ ಫೇಫಾನ್ ಅವರನ್ನ. ಟ್ರಕೋಮಾ ಅಂತ ಒಂದು ರೋಗ. ಕಣ್ಣು ಮತ್ತೆ ಮತ್ತೆ ಕೆಂಪಾಗಿ, ರೆಪ್ಪೆ ಒಳಕ್ಕೆ ಮಡಚಿ, ಕೂದಲು ಗೀರಿ ಗೀರಿ ಕುರುಡು ಮಾಡೋದು. ಅದರ ರೋಗಾಣುವನ್ನ ಯಾರಿಗೂ ಬೆಳೆಸೋಕೆ ಆಗಿರಲಿಲ್ಲ. 1955ರಲ್ಲಿ ಬೀಜಿಂಗಿನಲ್ಲಿ ತಾಂಗ್ ಅದನ್ನ ಕೋಳಿಮೊಟ್ಟೆಯ ಭ್ರೂಣದಲ್ಲಿ ಬೆಳೆಸಿ ತೋರಿಸಿದರು. ರೋಗಕ್ಕೆ ಇದೇ ಕಾರಣ ಅಂತ ಸಾಬೀತು ಮಾಡೋಕೆ ತನ್ನ ಕಣ್ಣಿಗೇ ಹಾಕಿಸಿಕೊಂಡು ರೋಗ ಬರಿಸಿಕೊಂಡರು. ಕಾರಣ ಗೊತ್ತಾದರೆ ಮದ್ದು ಹುಡುಕೋ ದಾರಿ ಸಿಗುತ್ತೆ. ಆ್ಯಂಟಿಬಯಾಟಿಕ್, ಶುದ್ಧ ನೀರು, ಮುಖ ತೊಳೆಯೋ ಅಭ್ಯಾಸ, ಶೌಚಾಲಯ, ಇವುಗಳಿಂದಲೇ ಟ್ರಕೋಮಾ ಹಿಮ್ಮೆಟ್ಟಿತು. ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಭಾರತ ಇದನ್ನ ನಿವಾರಿಸಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಒಪ್ಪಿಕೊಂಡಿತು.

ಪರಂಪರೆಯನ್ನ ಗೌರವಿಸೋಕೂ ಒಂದು ರೀತಿ ಇದೆ. ಚೀನಾದವರೇ ಆದ ತು ಯೂಯೂ ಹಳೇ ಗ್ರಂಥದಲ್ಲಿ ಜ್ವರಕ್ಕೆ ಹೇಳಿದ್ದ ಸೊಪ್ಪೊಂದನ್ನ ಹಿಡಿದು, ಕಮ್ಮಿ ಶಾಖದಲ್ಲಿ ಸಾರ ತೆಗೆದು, ಪ್ರಾಣಿಗಳ ಮೇಲೆ, ತಮ್ಮ ಮೇಲೆ ಪರೀಕ್ಷೆ ಮಾಡಿ ಮಲೇರಿಯಾಕ್ಕೆ ಆರ್ಟೆಮಿಸಿನಿನ್ ಕೊಟ್ಟರು. 2015ರಲ್ಲಿ ನೊಬೆಲ್ ಬಂತು. ಹಳೇ ಪುಸ್ತಕ ಅವರಿಗೆ ಸುಳಿವು ಕೊಟ್ಟಿತು, ಉತ್ತರ ಕೊಟ್ಟದ್ದು ಪರೀಕ್ಷೆ.

"ಹಳ್ಳಿಯವರಿಗೆ ಡಾಕ್ಟರ್ ಎಲ್ಲಿ ಸಿಗ್ತಾರೆ ಮಾರಾಯ, ಮನೆಮದ್ದಾದರೂ ಇರಲಿ" ಅನ್ನೋ ವಾದ ನನಗೆ ಗೊತ್ತು. ಅದರ ಮೊದಲರ್ಧ ಪೂರ್ತಿ ನಿಜ. ಕಣ್ಣು ತೋರಿಸೋಕೆ ಹಾಸನಕ್ಕೆ ಹೋದರೆ ಒಂದು ದಿನದ ಕೂಲಿ ಹೋಯ್ತು, ಬಸ್ ಚಾರ್ಜು ಬೇರೆ. ಹೋದರೆ ಎರಡು ನಿಮಿಷವೂ ಮಾತಾಡಿಸದ ಡಾಕ್ಟರ್. ನಿದ್ದೆ, ಸಿಟ್ಟು, ಊಟ ಎಲ್ಲ ಕೇಳೋ ನಾಟಿ ವೈದ್ಯರ ಹತ್ತಿರ ಜನ ಹೋಗೋದರಲ್ಲಿ ಆಶ್ಚರ್ಯ ಇಲ್ಲ. ಆದರೆ ಇದರಿಂದ ಹೊರಡಬೇಕಾದ ತೀರ್ಮಾನ 'ನಂದಿಬಟ್ಟಲು ಸಾಕು' ಅಂತಲ್ಲ, 'ಡಾಕ್ಟರನ್ನ ಹತ್ತಿರ ತನ್ನಿ' ಅಂತ. ಬೀಳಗಿಯ ಡಾ. ಎಂ.ಸಿ. ಮೋದಿ ಊರೂರಿಗೆ ಹೋಗಿ, ಶಿಬಿರ ಹಾಕಿ, ಬಡವರ ಕಣ್ಣಿನ ಪೊರೆ ತೆಗೆದರು. ಜನ ಬರಲಿಲ್ಲ ಅಂತ ಅವರು ದೂರಲಿಲ್ಲ, ತಾವೇ ಹೋದರು. ಕಣ್ಣಿನ ಆಸ್ಪತ್ರೆಗೆ ಹತ್ತು ನಿಮಿಷದ ದೂರದಲ್ಲಿ ಕೂತು, ಆಸ್ಪತ್ರೆಯೇ ಇಲ್ಲದವರಿಗೆ ಪ್ರಕೃತಿಯ ಮದ್ದೇ ಶ್ರೇಷ್ಠ ಅಂತ ಫಾರ್ವರ್ಡ್ ಕಳಿಸೋದು ನನಗೆ ಕ್ರೌರ್ಯವಾಗಿ ಕಾಣುತ್ತೆ.

ಆದ್ದರಿಂದ ಚಹಾ ರುಚಿಯಾಗಿದ್ದರೆ ಕುಡೀರಿ, ಮದ್ದು ಅನ್ನಬೇಡಿ. ಕೆಂಪಿನ ಜೊತೆ ನೋವಿದ್ದರೆ, ಬೆಳಕು ನೋಡೋಕಾಗದಿದ್ದರೆ, ದೃಷ್ಟಿ ಮಂಜಾದರೆ, ಪೆಟ್ಟು ಬಿದ್ದಿದ್ದರೆ, ಲೆನ್ಸ್ ಹಾಕೋರಾದರೆ ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಸುಣ್ಣವೋ ಔಷಧಿಯೋ ಸಿಡಿದರೆ ಮೊದಲು ಅರ್ಧ ಗಂಟೆ ಶುದ್ಧ ನೀರು ಹರಿಸಿ, ಆಮೇಲೆ ಓಡಿ. ಚೀಟಿ ಇಲ್ಲದೆ ಕಣ್ಣಿನ ಡ್ರಾಪ್ಸ್ ಕೊಳ್ಳಬೇಡಿ, ಹಳೇ ಬಾಟಲಿ ಇಟ್ಟುಕೊಳ್ಳಬೇಡಿ.

ಇನ್ನು ನಿಮ್ಮಲ್ಲಿ ಊರಲ್ಲಿ ತೋಟ ಇರೋರು, ಹೋಮ್‌ಸ್ಟೇ ನಡೆಸೋರು ಇದ್ದೀರಿ. ಮುಂದಿನ ಮರಗಸಿಗೆ ಮುಂಚೆ ಎಷ್ಟು ಜನ ಆಳುಗಳಿದ್ದಾರೆ ಅಂತ ರೈಟರನ್ನ ಕೇಳಿ, ಅಷ್ಟು ಪ್ಲಾಸ್ಟಿಕ್ ಸುರಕ್ಷತಾ ಕನ್ನಡಕ ಕಳಿಸಿಕೊಡಿ. ಸೇವಂತಿಗೆಯ ಒಂದು ಡಬ್ಬಿಯ ದುಡ್ಡಿಗೆ ಒಂದೆರಡಾದರೂ ಬರ್ತವೆ. ಕಣ್ಣಿಗೆ ಪೆಟ್ಟು ಬಿದ್ದವರನ್ನ ಅವತ್ತೇ ಜೀಪಿನಲ್ಲಿ ಹಾಸನಕ್ಕೆ ಕಳಿಸಬೇಕು, ಆ ದಿನದ ಕೂಲಿ ಹಿಡಿಯಬಾರದು ಅಂತಲೂ ಹೇಳಿ. ಕೂಲಿ ಹಿಡಿಯೋದಿಲ್ಲ ಅಂತ ಗೊತ್ತಾದರೆ ಮಾತ್ರ ಅವರು ಪೆಟ್ಟು ಬಿದ್ದದ್ದನ್ನ ಹೇಳ್ತಾರೆ.